ನೆಲ ಕೆಡದಂತೆ ಸಂಶೋಧನಾ ಕ್ಯಾಂಪಸ್ ಕಟ್ಟುವುದು ಹೇಗೆ?

"ಗುಡ್ಡ, ಮರ, ಹಳ್ಳ ಎಲ್ಲ ಇರುವ ಜಾಗ ಸಿಕ್ಕಿದೆ. ಪ್ರಯೋಗಾಲಯಗಳೂ ಬರಬೇಕು, ಜಾಗದ ಚೆಲುವೂ ಉಳಿಯಬೇಕು. ಎಲ್ಲಿಂದ ಶುರು ಮಾಡೋಣ?" ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರ ತಲೆಯಲ್ಲಿ ಆಗಲೇ ಒಂದು ಚಿತ್ರ ಕೂತಿರುತ್ತದೆ: ಹುಲ್ಲು ಹೊದ್ದ ಚಾವಣಿ, ಮರಗಳ ನಡುವೆ ಗಾಜಿನ ಕಟ್ಟಡ, ಪಕ್ಕದಲ್ಲೊಂದು ಕೊಳ. ಆ ಚಿತ್ರವನ್ನು ಸದ್ಯಕ್ಕೆ ಮಡಚಿಡಿ.

ಸಂಶೋಧನಾ ಕ್ಯಾಂಪಸ್ಸಿನಲ್ಲಿ ನೆಲ ಕೆಡುವುದು ಕಟ್ಟಡದ ಅಡಿಗಿಂತ ಕಟ್ಟಡದ ಸುತ್ತಲೇ ಹೆಚ್ಚು. ಪೈಪಿಗಾಗಿ ತೋಡಿದ ಕಾಲುವೆ, ಲಾರಿ ತಿರುಗುವ ಅಂಗಳ, ಅಗ್ನಿಶಾಮಕ ವಾಹನದ ದಾರಿ, ಕ್ರೇನ್ ನಿಂತ ಜಾಗ, ಗುತ್ತಿಗೆದಾರರ ಜಲ್ಲಿ ರಾಶಿ. ಚಂದದ ನಕ್ಷೆಯಲ್ಲಿ ಇವು ಯಾವುವೂ ಕಾಣುವುದಿಲ್ಲ, ನೆಲದ ಮೇಲೆ ಮಾತ್ರ ಎಲ್ಲವೂ ಬಂದೇ ಬರುತ್ತವೆ. ಹಾಗಾಗಿ ಇಲ್ಲಿ ಹಂತಗಳ ಕ್ರಮ ತುಸು ತಲೆಕೆಳಗು: ಕಟ್ಟಡದ ರೂಪ ಐದನೇ ಹಂತದಲ್ಲಿ ಬರುತ್ತದೆ, ಅದಕ್ಕೆ ಮುಂಚೆ ಅಲ್ಲ.

ಮೊದಲು ಕೈಯಲ್ಲಿರಬೇಕಾದ್ದು

ವಾಸ್ತುಶಿಲ್ಪಿಯ ಪೆನ್ಸಿಲ್ ಕಾಗದ ಮುಟ್ಟುವ ಮುನ್ನ ಈ ದಾಖಲೆಗಳು ಸಿದ್ಧವಿರಲಿ:

- ಅರ್ಧ ಮೀಟರ್ ಅಂತರದ ಕಂಟೂರ್ ಸರ್ವೆ. ಒಂದೇ ಎತ್ತರದ ಬಿಂದುಗಳನ್ನು ಸೇರಿಸಿ ಎಳೆದ ಗೆರೆಗೆ ಕಂಟೂರ್ ಎನ್ನುತ್ತಾರೆ. 5 ಮೀಟರ್ ಅಂತರದ ಸರ್ಕಾರಿ ನಕ್ಷೆ ಇಟ್ಟುಕೊಂಡು ಕಟ್ಟಡ ಕೂರಿಸಲು ಹೋಗಬೇಡಿ. ಒಂದು ಮಹಡಿಯೇ ಆ ಎರಡು ಗೆರೆಗಳ ನಡುವೆ ಮರೆಯಾಗುತ್ತದೆ.
- ಮರಗಳ ಪಟ್ಟಿ: ಜಾತಿ, ಎದೆಯೆತ್ತರದಲ್ಲಿ ಕಾಂಡದ ವ್ಯಾಸ, ಕೊಂಬೆಗಳ ಹರವು, ಆರೋಗ್ಯ, ಸರಿಯಾದ ಸ್ಥಾನ.
- ಮಣ್ಣಿನ ಗುಂಡಿಗಳು, ನೀರು ಇಂಗುವ ವೇಗದ ಪರೀಕ್ಷೆ, ಮಳೆಗಾಲದ ಕೊನೆಯಲ್ಲಿ ಅಳೆದ ಅಂತರ್ಜಲದ ಆಳ.
- ಅದೇ ಜಾಗದಲ್ಲಿ ನೆಟ್ಟ ಹವಾಮಾನ ಕಂಬದಿಂದ 12 ತಿಂಗಳ ಗಾಳಿ, ಮಳೆ, ತಾಪಮಾನ. ವಿಮಾನ ನಿಲ್ದಾಣದ ಅಂಕಿಗಳು ಬಯಲಿನವು, ಕಣಿವೆಯ ಗಾಳಿಯನ್ನು ಹೇಳಲಾರವು.
- ಎಲ್ಲ ಋತುಗಳಲ್ಲೂ ನಡೆಸಿದ ಸಸ್ಯ ಮತ್ತು ಪ್ರಾಣಿ ಸಮೀಕ್ಷೆ.
- ನೆಲದ ಕಂಪನದ ಅಳತೆ, ಕನಿಷ್ಠ ಒಂದು ಪೂರ್ತಿ ಹಗಲು, ಒಂದು ಪೂರ್ತಿ ರಾತ್ರಿ.

ಹಂತ 1: ಒಂದು ವರ್ಷ ಜಾಗ ನೋಡಿ

ಎಲ್ಲರೂ ಹಾರಿಸಿಬಿಡುವ ಹಂತವಿದು. ಬೇಸಗೆಯಲ್ಲಿ ಒಣಗಿದ ಹುಲ್ಲುಗಾವಲಿನಂತೆ ಕಂಡ ತಗ್ಗು ಮಳೆಗಾಲದಲ್ಲಿ ಎರಡು ತಿಂಗಳು ಜೌಗಾಗಿರಬಹುದು. ಸರ್ವೆಯವರು ಬಂದದ್ದು ಬೇಸಗೆಯಲ್ಲಾದರೆ ಅದು ನಕ್ಷೆಗೆ ಬರುವುದೇ ಇಲ್ಲ. ಜೋರು ಮಳೆ ಬಿದ್ದ ದಿನ ಕೊಡೆ ಹಿಡಿದು ಜಾಗ ಸುತ್ತಿ, ನೀರು ಎಲ್ಲೆಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೆಂಪಾಗುತ್ತದೆ ಎಂದು ಗುರುತಿಸಿ. ಕೆಂಪಾದ ಕಡೆ ಮಣ್ಣು ಆಗಲೇ ಕೊಚ್ಚಿಹೋಗುತ್ತಿದೆ ಎಂದರ್ಥ.

ಪ್ರಾಣಿಗಳ ಜಾಡನ್ನೂ ಹೀಗೇ ಗುರುತಿಸಬೇಕು. ಕಪ್ಪೆಗಳಂಥ ಸಣ್ಣ ಜೀವಿಗಳು ವರ್ಷದಲ್ಲಿ ಕೆಲವೇ ರಾತ್ರಿ ಗುಂಪಾಗಿ ನೀರಿನತ್ತ ದಾಟುತ್ತವೆ. ಆ ಕೆಲವು ರಾತ್ರಿ ತಪ್ಪಿಸಿಕೊಂಡ ಸಮೀಕ್ಷೆ "ಇಲ್ಲಿ ವಿಶೇಷವೇನೂ ಇಲ್ಲ" ಎಂದೇ ವರದಿ ಬರೆಯುತ್ತದೆ.

ಹಂತ 2: ಉಪಕರಣಗಳ ಪಟ್ಟಿ ಮಾಡಿ, ವಿಭಾಗಗಳದ್ದಲ್ಲ

"ಭೌತಶಾಸ್ತ್ರಕ್ಕೆ ಇಷ್ಟು ಚದರ ಮೀಟರ್, ಜೀವಶಾಸ್ತ್ರಕ್ಕೆ ಇಷ್ಟು" ಎಂಬ ಪಟ್ಟಿಯಿಂದ ಜಾಗದ ಹಂಚಿಕೆ ಮಾಡಲಾಗದು. ಯಾವ ಉಪಕರಣ, ಅದು ಏನನ್ನು ಸಹಿಸದು, ಅದು ಸುತ್ತಲಿಗೆ ಏನು ಕೊಡುತ್ತದೆ, ಈ ಮೂರು ಗೊತ್ತಾಗಬೇಕು.

ಕಂಪನದಿಂದ ಶುರು ಮಾಡಿ. ಸೂಕ್ಷ್ಮ ಉಪಕರಣಗಳಿಗೆ ವಿಸಿ ಎಂಬ ಮಾನದಂಡವಿದೆ, ನೆಲ ಎಷ್ಟು ಅಲುಗಬಹುದು ಎಂಬುದರ ಮಿತಿ. ವಿಸಿ-ಎ ಎಂದರೆ ಸೆಕೆಂಡಿಗೆ 50 ಮೈಕ್ರೋಮೀಟರ್. ಅಲ್ಲಿಂದ ಪ್ರತಿ ಹಂತಕ್ಕೂ ಅರ್ಧವಾಗುತ್ತಾ ವಿಸಿ-ಇ ಹೊತ್ತಿಗೆ ಸೆಕೆಂಡಿಗೆ ಸುಮಾರು 3 ಮೈಕ್ರೋಮೀಟರ್‌ಗೆ ಇಳಿಯುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಗೆ ಸಾಮಾನ್ಯವಾಗಿ ಒಪ್ಪುವ ಮಿತಿಯೇ 100. ಅಂದರೆ ಇಲ್ಲಿ ಮಾತಾಡುತ್ತಿರುವುದು ಕಾಲಿಗೆ ತಿಳಿಯದ ಅಲುಗಾಟದ ಬಗ್ಗೆ. ಉತ್ತಮ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಡುವುದಾದರೆ ಮೇಲ್ಮಹಡಿಯ ಆಸೆ ಬಿಡಿ. ನೆಲಕ್ಕೆ ಕೂತ ದಪ್ಪ ಹಾಸು, ಸಾಧ್ಯವಾದರೆ ಬಂಡೆಯ ಮೇಲೆ. ನಿಮ್ಮ ಜಾಗದಲ್ಲಿ ಬಂಡೆ ಎಲ್ಲಿ ಮೇಲೆ ಬಂದಿದೆ ಎಂದು ಮಣ್ಣಿನ ಗುಂಡಿಗಳೇ ಹೇಳುತ್ತವೆ. ಈ ಒಂದು ಮಾಹಿತಿ ಅರ್ಧ ಮಾಸ್ಟರ್ ಪ್ಲಾನ್ ಬರೆದುಕೊಡುತ್ತದೆ.

ಕಂಪನ ಬೇಲಿ ನೋಡಿ ನಿಲ್ಲುವುದಿಲ್ಲ. ಅಮೆರಿಕದ ಲೂಸಿಯಾನಾದ ಲಿವಿಂಗ್‌ಸ್ಟನ್‌ನಲ್ಲಿರುವ ಲೈಗೊ ಗುರುತ್ವ ಅಲೆಗಳ ವೀಕ್ಷಣಾಲಯದ ತೋಳುಗಳು ತಲಾ 4 ಕಿಲೋಮೀಟರ್ ಉದ್ದ. ಆರಂಭದ ವರ್ಷಗಳಲ್ಲಿ ಸುತ್ತಲಿನ ನೆಡುತೋಪುಗಳಲ್ಲಿ ಮರ ಕಡಿಯುವ ಕೆಲಸದ ಅಲುಗಾಟದಿಂದಾಗಿ ಅಲ್ಲಿ ಹಗಲು ಹೊತ್ತು ಉಪಕರಣವನ್ನು ಸ್ಥಿರವಾಗಿ ನಡೆಸುವುದೇ ಕಷ್ಟವಾಗಿತ್ತು. ಕೊನೆಗೆ ಕಂಪನ ತಡೆಯಲು ಹೆಚ್ಚುವರಿ ಹೈಡ್ರಾಲಿಕ್ ವ್ಯವಸ್ಥೆಯನ್ನೇ ಜೋಡಿಸಬೇಕಾಯಿತು. ಪಕ್ಕದ ಜಮೀನಿನಲ್ಲಿ ಏನು ನಡೆಯುತ್ತದೆ, ಮುಂದೇನು ನಡೆಯಬಹುದು ಎಂದೂ ವಿಚಾರಿಸಿ.

ಕಾಂತಕ್ಷೇತ್ರ ಎರಡನೆಯದು. ಲಿಫ್ಟು, ಟ್ರಾನ್ಸ್‌ಫಾರ್ಮರ್, ಹಾದುಹೋಗುವ ಲಾರಿ ಇವೆಲ್ಲ ಎಲೆಕ್ಟ್ರಾನ್ ಕಿರಣವನ್ನು ಅಲ್ಲಾಡಿಸುತ್ತವೆ. ಅಣುಗಳ ರಚನೆ ತಿಳಿಯಲು ಬಳಸುವ ಎನ್‌ಎಂಆರ್ ಯಂತ್ರದ ದೊಡ್ಡ ಅಯಸ್ಕಾಂತವೇ ಸುತ್ತ ಕ್ಷೇತ್ರ ಹರಡುತ್ತದೆ. ಅದರ 5 ಗಾಸ್ (ಗಾಸ್ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಗಡಿಯೊಳಗೆ ಪೇಸ್‌ಮೇಕರ್ ಇರುವವರು ಹೋಗಬಾರದು. ಆ ಗಡಿ ಮೇಲಿನ, ಕೆಳಗಿನ ಮಹಡಿಗಳಿಗೂ ಗೋಡೆಯಾಚೆಯ ಕಾಲುದಾರಿಗೂ ಚಾಚಿರಬಹುದು. ಮೂರನೆಯದು ಬೆಳಕು ಮತ್ತು ರೇಡಿಯೋ ತರಂಗ, ಖಗೋಳ ಸಂಸ್ಥೆಗಳಿಗೆ ಇದೇ ಜೀವ. ಕೊನೆಯದಾಗಿ ಹೊರಹೋಗುವ ಗಾಳಿ, ಶಾಖ, ಸದ್ದು, ರಾಸಾಯನಿಕ ನೀರು.

ಎಚ್ಚರ: ಪಟ್ಟಿ ಕೇಳಿದಾಗ ಎಲ್ಲ ವಿಜ್ಞಾನಿಗಳೂ ತಮ್ಮ ಉಪಕರಣಕ್ಕೆ ವಿಸಿ-ಇ ಬೇಕು ಎನ್ನುತ್ತಾರೆ. ಬಾಯಿಮಾತು ಒಪ್ಪಬೇಡಿ, ತಯಾರಕರ ಸ್ಥಳ ಸಿದ್ಧತೆಯ ದಾಖಲೆ ಕೇಳಿ. ಸಾಮಾನ್ಯವಾಗಿ ಇಂಥ ನೆಲ ನಿಜಕ್ಕೂ ಬೇಕಾದದ್ದು ಬೆರಳೆಣಿಕೆಯ ಕೋಣೆಗಳಿಗೆ. ಅವನ್ನು ಒಂದೇ ಕಡೆ ಗುಂಪು ಮಾಡಿದರೆ ಉಳಿದ ಕ್ಯಾಂಪಸ್ ಎಲ್ಲಿ ಬೇಕಾದರೂ ಹೋಗಬಹುದು.

ಹಂತ 3: ಕಟ್ಟಬಾರದ ಜಾಗ ಗುರುತಿಸಿ

ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ, ಕಂಪ್ಯೂಟರಿನಲ್ಲಿ ಪದರ ಪದರವಾಗಿ ಬಣ್ಣ ಹಚ್ಚಿ. ಹಳ್ಳದ ದಂಡೆಯಿಂದ ಎರಡೂ ಕಡೆ ಕನಿಷ್ಠ 30 ಮೀಟರ್, ನೆರೆ ಮುಟ್ಟುವ ಮಟ್ಟ, ಜೌಗು, ಹಳೆಯ ಮರಗಳ ಗುಂಪು, ಪ್ರಾಣಿಗಳ ಜಾಡು. ನಿಮ್ಮಲ್ಲಿ ಕಾನೂನು ಇನ್ನೂ ಹೆಚ್ಚು ದೂರ ಕೇಳಿದರೆ ಅದನ್ನೇ ಹಿಡಿಯಿರಿ.

ಆಮೇಲೆ ಇಳಿಜಾರು. ಶೇ. 5ರೊಳಗೆ ಎಂದರೆ 100 ಮೀಟರ್ ನಡೆದರೆ 5 ಮೀಟರ್ ಏರು. ಇಲ್ಲಿ ದೊಡ್ಡ ಹಾಲ್, ಪಾರ್ಕಿಂಗ್, ಲಾರಿ ಅಂಗಳ ಸುಲಭ. ಶೇ. 5ರಿಂದ 15ರಲ್ಲಿ ಕಟ್ಟಡಕ್ಕೆ ಜಾಗ ಇದೆ, ಆದರೆ ಕಂಟೂರ್ ಜೊತೆ ಹೊಂದಿಕೊಂಡು. ಶೇ. 15ರಿಂದ 25ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಣ್ಣ ಕಟ್ಟಡ ಮಾತ್ರ. ಅದಕ್ಕೂ ಕಡಿದಾದರೆ ಕೈಹಾಕಬೇಡಿ.

ಉಳಿದ ಬಿಳಿ ಜಾಗದಲ್ಲಿ ಒಂದು ನಿಯಮ ಪಾಲಿಸಿ: ಅತ್ಯಂತ ಚಂದದ ತಾಣವನ್ನು ಖಾಲಿ ಬಿಡಿ, ಆಗಲೇ ಕೆಟ್ಟಿರುವ ತಾಣದಲ್ಲಿ ಕಟ್ಟಿ. ಹಳೆಯ ಕ್ವಾರಿ, ಕೈಬಿಟ್ಟ ಹೊಲ, ಹಳೆಯ ಶೆಡ್ಡಿನ ಅಡಿಪಾಯ, ಸವೆದುಹೋದ ಇಳಿಜಾರು ಇದ್ದರೆ ಅದೇ ನಿಮ್ಮ ಕಟ್ಟಡದ ಜಾಗ. ಆಡಳಿತ ಮಂಡಳಿಗೆ ಇದು ರುಚಿಸುವುದಿಲ್ಲ. ಅವರಿಗೆ ಗುಡ್ಡದ ನೆತ್ತಿ ಬೇಕು. ನೆತ್ತಿಯ ಮೇಲೆ ಕಟ್ಟಿದ ಕಟ್ಟಡದಿಂದ ಎಲ್ಲವೂ ಕಾಣುತ್ತದೆ, ಎಲ್ಲ ಕಡೆಯಿಂದಲೂ ಆ ಕಟ್ಟಡವೇ ಕಾಣುತ್ತದೆ, ಹೊಂದಿಕೆಯ ಮಾತು ಅಲ್ಲಿಗೆ ಮುಗಿಯಿತು. ನೆತ್ತಿಯಿಂದ ಸ್ವಲ್ಪ ಕೆಳಗೆ, ಮರಗಳ ತಲೆ ಮೀರದಂತೆ ಕೂರಿಸಿದರೆ ನೋಟವೂ ಸಿಗುತ್ತದೆ, ಗುಡ್ಡದ ಗೆರೆಯೂ ಉಳಿಯುತ್ತದೆ.

ಕಾಡಿನೊಳಗೆ ನುಗ್ಗಿಸುವ ಆಸೆಯ ಬಗ್ಗೆ ಒಂದು ಲೆಕ್ಕ. 70 ಮೀಟರ್ ಉದ್ದ, 20 ಮೀಟರ್ ಅಗಲದ ಕಟ್ಟಡ ನೆಲದ ಮೇಲೆ ತಗೊಳ್ಳುವುದು 1,400 ಚದರ ಮೀಟರ್. ಕಾಳ್ಗಿಚ್ಚಿನ ಭಯವಿರುವ ಪ್ರದೇಶದಲ್ಲಿ ಕಟ್ಟಡದ ಸುತ್ತ 30 ಮೀಟರ್‌ವರೆಗೆ ಗಿಡಮರ ತೆಳುವಾಗಿಸಬೇಕು. ಆ ಪಟ್ಟಿ ಸೇರಿಸಿದರೆ ಸುಮಾರು 1 ಹೆಕ್ಟೇರ್, ಕಟ್ಟಡದ ಏಳು ಪಟ್ಟು. ಮರ ಉಳಿಸಲೆಂದು ಮರಗಳ ನಡುವೆ ಕಟ್ಟಿ, ಆಮೇಲೆ ಬೆಂಕಿಯ ಭಯಕ್ಕೆ ಅದೇ ಮರ ಕಡಿಯುವುದು ಹೀಗೆ. ಕಾಡಿನ ಅಂಚಿನಿಂದ ದೂರ, ಬಯಲಿನ ಬದಿಯಲ್ಲಿ ಕೂರಿಸಿ.

ಹಂತ 4: ರಸ್ತೆ, ಪೈಪು, ಲಾರಿ

ನೆಲ ಉಳಿಯುತ್ತದೋ ಕೆಡುತ್ತದೋ ಎಂಬುದು ನಿರ್ಧಾರವಾಗುವುದು ಇಲ್ಲೇ, ಹಾಗಾಗಿ ತುಸು ನಿಧಾನವಾಗಿ ಓದಿ.

ಪ್ರಯೋಗಾಲಯ ಎಂದರೆ ಕಚೇರಿಯಲ್ಲ. ಅದಕ್ಕೆ ವಿದ್ಯುತ್, ತಣ್ಣೀರು, ಕುಡಿಯುವ ನೀರು, ಶುದ್ಧೀಕರಿಸಿದ ನೀರು, ಅನಿಲಗಳು, ಇಂಟರ್ನೆಟ್ ಕೇಬಲ್, ಬೆಂಕಿ ಆರಿಸುವ ನೀರು, ಚರಂಡಿ, ರಾಸಾಯನಿಕ ಚರಂಡಿ ಎಲ್ಲ ಬೇಕು. ಒಂದೊಂದಕ್ಕೂ ಒಬ್ಬ ಎಂಜಿನಿಯರ್, ಒಬ್ಬೊಬ್ಬರದ್ದೂ ಒಂದು ಕಾಲುವೆ, ಪ್ರತಿ ಕಾಲುವೆಗೂ ಅಕ್ಕಪಕ್ಕ ಜೆಸಿಬಿ ಓಡಾಡುವ ಜಾಗ. ಸೇರಿಸಿದರೆ 15-20 ಮೀಟರ್ ಅಗಲದ ಗಾಯ. ಇದಕ್ಕೆ ಮದ್ದು ಒಂದೇ: ಎಲ್ಲವನ್ನೂ ರಸ್ತೆಯಡಿಯೇ ಹಾಕಿಸಿ. ರಸ್ತೆಗೆ ಹೇಗೂ ನೆಲ ಅಗೆಯುತ್ತೀರಿ. ದುಡ್ಡಿದ್ದರೆ ಒಳಗೆ ಮನುಷ್ಯ ನಡೆಯುವಷ್ಟು, ಎಂದರೆ ಸುಮಾರು 2.2 ಮೀಟರ್ ಎತ್ತರದ ಸುರಂಗ. ಇಲ್ಲವಾದರೆ ಮುಚ್ಚಳವಿರುವ ಕಾಂಕ್ರೀಟ್ ಕಾಲುವೆ. ಮುಂದೆ ಹತ್ತು ವರ್ಷಕ್ಕೆ ಹೊಸ ಪೈಪು ಬಂದಾಗ ಮತ್ತೆ ಅಗೆಯದಿರಲು ಕಾಲು ಭಾಗ ಖಾಲಿ ಬಿಡಿ.

ಚರಂಡಿ ಮಾತ್ರ ಹಠಮಾರಿ. ಅದಕ್ಕೆ ಇಳಿಜಾರು ಬೇಕು, ಇಳಿಜಾರು ಹೋಗುವುದು ತಗ್ಗಿಗೆ, ತಗ್ಗಿನಲ್ಲಿರುವುದು ಹಳ್ಳ. ಅದಕ್ಕೇ ಎಂಜಿನಿಯರ್ ಕಣ್ಣುಮುಚ್ಚಿ ಹಳ್ಳದ ದಂಡೆಯುದ್ದಕ್ಕೂ ಚರಂಡಿ ಗೆರೆ ಎಳೆದಿರುತ್ತಾರೆ. ನಕ್ಷೆ ಬಂದ ಕೂಡಲೇ ಮೊದಲು ಈ ಗೆರೆ ಹುಡುಕಿ. ಒಂದು ಪಂಪ್ ಕೋಣೆ ಇಟ್ಟು ಕೊಳಚೆಯನ್ನು ಮೇಲೆತ್ತಿ ರಸ್ತೆಯ ಬದಿಗೆ ತಂದರೆ ಹಳ್ಳ ಬಚಾವ್. ಪಂಪಿಗೆ ಜನರೇಟರ್ ಸಂಪರ್ಕ ಮತ್ತು ಒಂದು ಬದಲಿ ಪಂಪ್ ಕಡ್ಡಾಯ, ಇಲ್ಲವಾದರೆ ಕರೆಂಟ್ ಹೋದ ದಿನ ಎಲ್ಲವೂ ಹಳ್ಳಕ್ಕೇ ಹೋಗುತ್ತದೆ.

ರಸ್ತೆಯ ಏರು ಶೇ. 8-10 ದಾಟದಿರಲಿ, ಅನಿಲ ಟ್ಯಾಂಕರ್ ಅದಕ್ಕಿಂತ ಕಡಿದಾದಲ್ಲಿ ಒದ್ದಾಡುತ್ತದೆ. ಮುಖ್ಯ ದಾರಿ ಒಂದೇ ಇರಲಿ, ಕಟ್ಟಡಗಳ ಹಿಂಬದಿಗೆ ಲಾರಿ, ಮುಂಬದಿಗೆ ನಡೆಯುವವರು. ಅಗ್ನಿಶಾಮಕ ವಾಹನಕ್ಕೆ ಸುಮಾರು 6 ಮೀಟರ್ ಅಗಲದ ಗಟ್ಟಿ ದಾರಿ ಕೇಳುತ್ತಾರೆ. ಅದನ್ನೆಲ್ಲ ಡಾಂಬರು ಮಾಡಬೇಕಿಲ್ಲ. ಹುಲ್ಲು ಬೆಳೆಯುವ ತೂತುಗಳಿರುವ ಕಾಂಕ್ರೀಟ್ ಬ್ಲಾಕ್ ಅಡಿಯಲ್ಲಿ ಗಟ್ಟಿ ಜಲ್ಲಿ ಪದರವಿದ್ದರೆ ಭಾರ ತಡೆಯುತ್ತದೆ. ಇಲಾಖೆಯ ಒಪ್ಪಿಗೆ ಮೊದಲೇ ಬರಹದಲ್ಲಿ ತಗೊಳ್ಳಿ.

ಇನ್ನೊಂದು ಸಣ್ಣ ಆದರೆ ದುಬಾರಿ ತಪ್ಪು: ಸೂಕ್ಷ್ಮದರ್ಶಕ ಕಟ್ಟಡದ ಪಕ್ಕದ ರಸ್ತೆಯಲ್ಲಿ ಸ್ಪೀಡ್ ಬ್ರೇಕರ್ ಹಾಕುವುದು. ಲಾರಿ ಅದನ್ನು ಹತ್ತಿಳಿದಾಗಲೆಲ್ಲ ನೆಲಕ್ಕೆ ಸುತ್ತಿಗೆ ಹೊಡೆದಂತೆ. ವೇಗ ತಗ್ಗಿಸಲು ರಸ್ತೆಗೆ ತಿರುವು ಕೊಡಿ, ಉಬ್ಬು ಬೇಡ.

ಮರದ ಬಳಿ ಪೈಪು ಹೋಗಬೇಕಾದರೆ ಈ ಲೆಕ್ಕ ಬಳಸಿ: ಕಾಂಡದ ವ್ಯಾಸದ 12 ಪಟ್ಟು ತ್ರಿಜ್ಯದ ವೃತ್ತ ಬೇರಿನ ಜಾಗ. 60 ಸೆಂ.ಮೀ. ಕಾಂಡಕ್ಕೆ 7.2 ಮೀಟರ್. ಅದರೊಳಗೆ ಅಗೆಯಬೇಡಿ, ಮಣ್ಣು ಪೇರಿಸಬೇಡಿ, ಗಾಡಿ ನಿಲ್ಲಿಸಬೇಡಿ. ಅನಿವಾರ್ಯವಾದರೆ ಬೇರುಗಳ ಅಡಿಯಿಂದ ಅಡ್ಡ ಕೊರೆದು ಪೈಪು ತಳ್ಳಿಸಿ. ಹೆಚ್ಚಿನ ಬೇರುಗಳು ಮೇಲಿನ ಒಂದು ಮೀಟರ್‌ನಲ್ಲೇ ಇರುತ್ತವೆ. ಬೇರು ಕತ್ತರಿಸಿದ ಮರ ಮರುದಿನ ಒಣಗುವುದಿಲ್ಲ, ಮೂರ್ನಾಲ್ಕು ವರ್ಷ ಹಸಿರಾಗಿದ್ದು ಆಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಅಷ್ಟು ಹೊತ್ತಿಗೆ ಗುತ್ತಿಗೆದಾರರ ಬಿಲ್ ಪಾಸಾಗಿರುತ್ತದೆ, ಅದಕ್ಕೇ ಈ ತಪ್ಪು ಮರುಕಳಿಸುತ್ತದೆ.

ಹಂತ 5: ಕಟ್ಟಡವನ್ನು ಇಳಿಜಾರಿಗೆ ಕೂರಿಸುವುದು

ಈಗ ಪೆನ್ಸಿಲ್ ಎತ್ತಬಹುದು. ಮೊದಲು ಎಳೆಯಬೇಕಾದ್ದು ಮೇಲಿನಿಂದ ನೋಡಿದ ಪ್ಲಾನ್ ಅಲ್ಲ, ಗುಡ್ಡವನ್ನು ಕತ್ತಿಯಿಂದ ಸೀಳಿ ಪಕ್ಕದಿಂದ ನೋಡಿದಂಥ ಸೆಕ್ಷನ್.

ಶೇ. 12ರ ಇಳಿಜಾರಿನಲ್ಲಿ ಅದೇ 70 ಮೀಟರ್ ಉದ್ದದ ಕಟ್ಟಡವನ್ನು ಕಂಟೂರ್ ಗೆರೆಯುದ್ದಕ್ಕೆ ಮಲಗಿಸಿದರೆ ಹಿಂಬದಿಗೂ ಮುಂಬದಿಗೂ ಎತ್ತರದ ವ್ಯತ್ಯಾಸ 2.4 ಮೀಟರ್, ಅರ್ಧ ಮಹಡಿ. ಗೆರೆಗೆ ಅಡ್ಡಲಾಗಿ ಇಟ್ಟರೆ 8.4 ಮೀಟರ್, ಹೆಚ್ಚುಕಡಿಮೆ ಎರಡು ಮಹಡಿ. ಎರಡನೆಯದನ್ನು ಸಮತಟ್ಟು ಮಾಡಲು ಗುಡ್ಡವನ್ನೇ ಕಡಿಯಬೇಕು, ತಡೆಗೋಡೆ ಕಟ್ಟಬೇಕು. ತಡೆಗೋಡೆ ಕಟ್ಟುವಲ್ಲಿ ಹಿಂದೆ ಜಲ್ಲಿ ಪದರ, ಗೋಡೆಯಲ್ಲಿ ನೀರು ಸೋರುವ ತೂತು ಇಲ್ಲದಿದ್ದರೆ ಹಿಂದೆ ನಿಂತ ನೀರೇ ಗೋಡೆಯನ್ನು ನೂಕುತ್ತದೆ.

ಪ್ರಯೋಗಾಲಯಕ್ಕೆ ಮಹಡಿಯಿಂದ ಮಹಡಿಗೆ 4.2ರಿಂದ 4.8 ಮೀಟರ್ ಬೇಕು, ಏಕೆಂದರೆ ಚಾವಣಿಯಡಿ ಗಾಳಿಯ ಡಕ್ಟುಗಳು ತುಂಬಿರುತ್ತವೆ. ಕಚೇರಿಗೆ ಇದಕ್ಕಿಂತ ಒಂದು ಮೀಟರ್ ಕಡಿಮೆ ಸಾಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತುರುಕಿದರೆ ಇಡೀ ಕಟ್ಟಡ ಎತ್ತರವಾಗುತ್ತದೆ. ಗುಡ್ಡದ ಕಡೆಗೆ ಕಿಟಕಿ ಬೇಡದ ಕೋಣೆಗಳು (ಸೂಕ್ಷ್ಮದರ್ಶಕ, ಲೇಸರ್, ತಣ್ಣನೆ ಕೋಣೆ, ಯಂತ್ರಗಳು), ಕಣಿವೆಯ ಕಡೆಗೆ ಕಚೇರಿ ಮತ್ತು ಮೇಜುಗಳು: ಇಳಿಜಾರು ಈ ಹಂಚಿಕೆಯನ್ನು ತಾನಾಗೇ ಕೊಡುತ್ತದೆ. ನೆಲದೊಳಗೆ ಹೊಕ್ಕ ಹಿಂಬದಿಯಲ್ಲಿ ಕಂಪನವೂ ಕಡಿಮೆ, ತಾಪಮಾನವೂ ಸ್ಥಿರ. ವರ್ಜೀನಿಯಾದ ಜನೇಲಿಯಾ ಸಂಶೋಧನಾ ಕ್ಯಾಂಪಸ್ (2006, ವಾಸ್ತುಶಿಲ್ಪಿ ರಾಫೆಲ್ ವಿನ್ಯೋಲಿ) ಉದ್ದನೆಯ ಕಟ್ಟಡವನ್ನು ಹೀಗೇ ಇಳಿಜಾರಿಗೆ ಹುದುಗಿಸಿ, ಮೆಟ್ಟಿಲು ಮೆಟ್ಟಿಲಾದ ಚಾವಣಿಗಳ ಮೇಲೆ ಹುಲ್ಲು ಬೆಳೆಸಿದೆ. ಹುಲ್ಲಿನ ಚಾವಣಿ ಮಾಡುವವರು ತೂಕ ಮರೆಯಬೇಡಿ: 8-15 ಸೆಂ.ಮೀ. ಮಣ್ಣಿನ ತೆಳು ಚಾವಣಿಯೂ ನೆನೆದಾಗ ಚದರ ಮೀಟರಿಗೆ 100-200 ಕೆ.ಜಿ. ತೂಗುತ್ತದೆ.

ಕಟ್ಟಡವನ್ನು ಚಿಕ್ಕ ಚಿಕ್ಕ ಮನೆಗಳಂತೆ ಮರಗಳ ನಡುವೆ ಚದುರಿಸುವ ಸಲಹೆ ಬಂದೇ ಬರುತ್ತದೆ. ಕೇಳಲು ಮಧುರ, ಆದರೆ ಎರಡು ಕಾರಣಕ್ಕೆ ಬೇಡ. ಒಂದು, ಪ್ರತಿ ಮನೆಗೂ ಪೈಪು ಮತ್ತು ಲಾರಿ ಹೋಗಬೇಕು. ನಾಲ್ಕನೇ ಹಂತದ ಗಾಯ ಹತ್ತು ಪಟ್ಟಾಗುತ್ತದೆ. ಎರಡು, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರುಗಳ ಮಾತುಕತೆ ಅಳೆದು ತೋರಿಸಿದಂತೆ, ಇಬ್ಬರ ಮೇಜಿನ ನಡುವೆ 50 ಮೀಟರ್ ದಾಟಿದರೆ ಕೆಲಸದ ಮಾತು ತೀರಾ ಕಡಿಮೆಯಾಗುತ್ತದೆ. ಒತ್ತಾಗಿ ಕಟ್ಟಿ, ಸುತ್ತ ಧಾರಾಳವಾಗಿ ಬಿಡಿ. ಇಡೀ ಕ್ಯಾಂಪಸ್ಸಿನ ಒಂದು ತುದಿಯಿಂದ ಇನ್ನೊಂದಕ್ಕೆ 400 ಮೀಟರ್, ಎಂದರೆ ಐದು ನಿಮಿಷದ ನಡಿಗೆ, ಇದ್ದರೆ ಒಳಗೆ ವಾಹನವೇ ಬೇಡ.

ಬಣ್ಣ ಮತ್ತು ಕಲ್ಲು: ಕೊಲರಾಡೋದ ಬೌಲ್ಡರ್‌ನಲ್ಲಿ ಐ. ಎಂ. ಪೇ ವಿನ್ಯಾಸ ಮಾಡಿ 1967ರಲ್ಲಿ ಮುಗಿದ ವಾತಾವರಣ ಸಂಶೋಧನಾ ಕೇಂದ್ರದಲ್ಲಿ ಕಾಂಕ್ರೀಟಿಗೆ ಆ ಸೀಮೆಯದೇ ಕಲ್ಲಿನ ಪುಡಿ ಬೆರೆಸಿ, ಗಟ್ಟಿಯಾದ ಮೇಲೆ ಮೇಲ್ಮೈಯನ್ನು ಸುತ್ತಿಗೆಯಿಂದ ಕೊಚ್ಚಿದ್ದಾರೆ. ಹಿಂದಿನ ಬೆಟ್ಟದ ಕೆಂಪು ಕಟ್ಟಡಕ್ಕೂ ಬಂದಿದೆ. ನೀವು ಇದನ್ನು ಮಾಡುವುದಾದರೆ ಒಂದು ಮೀಟರ್ ಅಳತೆಯ ಮಾದರಿ ಗೋಡೆ ಮಾಡಿಸಿ, ಒಂದು ಮಳೆಗಾಲ ಹೊರಗೆ ನಿಲ್ಲಿಸಿ, ಆಮೇಲೆ ಒಪ್ಪಿ. ಹೊಸ ಕಾಂಕ್ರೀಟಿನ ಬಣ್ಣ ನಂಬಲಾಗದು.

ಹಂತ 6: ಗಾಳಿ ಮತ್ತು ಹೊಗೆಗೊಳವೆ

ಹೊಂದಿಕೆಯ ಎಲ್ಲ ಚಿತ್ರಗಳನ್ನೂ ಕೊನೆಗೆ ಕೆಡಿಸುವುದು ಚಾವಣಿಯ ಮೇಲೆ ಎದ್ದುನಿಲ್ಲುವ ಯಂತ್ರಗಳು. ಯಾಕೆ ಅಷ್ಟು ದೊಡ್ಡದು ಎಂಬುದಕ್ಕೆ ಒಂದೇ ಒಂದು ಫ್ಯೂಮ್ ಹುಡ್ ನೋಡಿ. ರಾಸಾಯನಿಕದ ಆವಿ ಎಳೆದುಕೊಳ್ಳುವ, ಮುಂದೆ ಗಾಜಿನ ಬಾಗಿಲಿರುವ ಗೂಡು ಅದು. ಬಾಯಿ 1.8 ಮೀಟರ್ ಅಗಲ, ಗಾಜು ಎತ್ತಿದ್ದು 0.45 ಮೀಟರ್, ಒಳಹೋಗುವ ಗಾಳಿಯ ವೇಗ ಸೆಕೆಂಡಿಗೆ 0.5 ಮೀಟರ್. ಗುಣಿಸಿದರೆ ಸೆಕೆಂಡಿಗೆ 0.4 ಘನ ಮೀಟರ್, ಗಂಟೆಗೆ 1,450ಕ್ಕೂ ಹೆಚ್ಚು. ಇಂಥ 40 ಗೂಡುಗಳಿಗೆ ಸೆಕೆಂಡಿಗೆ 16 ಘನ ಮೀಟರ್. ಡಕ್ಟಿನಲ್ಲಿ ಗಾಳಿ ಸೆಕೆಂಡಿಗೆ 7 ಮೀಟರ್ ಓಡಿದರೆ 2.3 ಚದರ ಮೀಟರ್ ಅಡ್ಡಕೊಯ್ತ ಬೇಕು, ಅಂದರೆ ಒಂದೂವರೆ ಮೀಟರ್ ಚೌಕದ ಕೊಳವೆ ಎಲ್ಲ ಮಹಡಿಗಳನ್ನೂ ತೂರಿಕೊಂಡು ಹೋಗುತ್ತದೆ. ಅಷ್ಟೇ ಗಾಳಿ ಒಳಗೂ ಬರಬೇಕು. ಇದನ್ನು ಮೊದಲೇ ಸೆಕ್ಷನ್‌ನಲ್ಲಿ ಬರೆಯದಿದ್ದರೆ ಕೊನೆಯಲ್ಲಿ ಚಾವಣಿಯ ಮೇಲೆ ತಗಡಿನ ಊರೊಂದು ಏಳುತ್ತದೆ.

ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ (1965) ವಾಸ್ತುಶಿಲ್ಪಿ ಲೂಯಿ ಕಾನ್ ಇದಕ್ಕೆಂದೇ ಪ್ರತಿ ಪ್ರಯೋಗಾಲಯದ ಮಹಡಿಯ ಮೇಲೂ ಮನುಷ್ಯ ನಿಲ್ಲುವಷ್ಟು ಎತ್ತರದ ಪೈಪು ಮಹಡಿ ಇಟ್ಟರು. ಹೊರಗಿನ ಅಂಗಳ ಅಷ್ಟು ಶಾಂತವಾಗಿ ಸಮುದ್ರದತ್ತ ತೆರೆದುಕೊಂಡಿರುವುದಕ್ಕೆ ಒಳಗಿನ ಈ ಹೊಟ್ಟೆಯೂ ಒಂದು ಕಾರಣ.

ಹೊಗೆಗೊಳವೆಯನ್ನು ಮಾತ್ರ ಅಂದಕ್ಕಾಗಿ ಕುಗ್ಗಿಸಬೇಡಿ. ಚಾವಣಿಯಿಂದ ಕನಿಷ್ಠ 3 ಮೀಟರ್ ಮೇಲೆ, ಗಾಳಿ ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಚಿಮ್ಮಬೇಕು. ತುದಿಗೆ ಮಳೆ ಟೋಪಿ ಹಾಕಿದರೆ ಹೊಗೆ ಕೆಳಗೇ ಬಾಗುತ್ತದೆ. ಸುತ್ತಲೂ ಮರೆ ಗೋಡೆ ಕಟ್ಟಿ ಕೊಳವೆಯನ್ನು ಅದರೊಳಗೆ ಮುಳುಗಿಸಿದರೂ ಅದೇ ಪಾಡು. ಎಲ್ಲ ಕೊಳವೆಗಳನ್ನೂ ಒಂದು ಗುಂಪಿಗೆ ತಂದು ಧೈರ್ಯವಾಗಿ ತೋರಿಸಿ, ಅದೇ ಚೆಂದ. ಒಳಗಾಳಿಯ ಬಾಯಿ ಲಾರಿ ಅಂಗಳ ಮತ್ತು ಜನರೇಟರಿನಿಂದ ದೂರವಿರಲಿ. ಗುಡ್ಡದ ಮೇಲಿನ ಕಟ್ಟಡದ ಒಳಗಾಳಿ ಬಾಯಿಗೆ ಕೆಳಗಿನ ಕಟ್ಟಡದ ಹೊಗೆ ನೇರ ಹೊಕ್ಕುವ ಸಾಧ್ಯತೆ ಇಳಿಜಾರು ಜಾಗಗಳಲ್ಲಿ ಹೆಚ್ಚು. 12 ತಿಂಗಳ ಗಾಳಿ ದಾಖಲೆ ಇಟ್ಟುಕೊಂಡು ವಿಂಡ್ ಟನಲ್ ಪರೀಕ್ಷೆ, ಅಂದರೆ ಪುಟ್ಟ ಮಾದರಿಯ ಮೇಲೆ ಗಾಳಿ ಹಾಯಿಸಿ ನೋಡುವ ಪರೀಕ್ಷೆ, ಮಾಡಿಸಿ.

ಹಂತ 7: ಮಳೆನೀರು

ಗುರಿ ಸರಳ: ಕಟ್ಟುವ ಮೊದಲು ಜಾಗದಿಂದ ಎಷ್ಟು ನೀರು ಹೊರಹೋಗುತ್ತಿತ್ತೋ ಕಟ್ಟಿದ ಮೇಲೂ ಅಷ್ಟೇ ಹೋಗಬೇಕು.

2,000 ಚದರ ಮೀಟರ್ ಚಾವಣಿಯ ಮೇಲೆ ಒಂದು ಗಂಟೆಯಲ್ಲಿ 60 ಮಿ.ಮೀ. ಬಿತ್ತು ಎನ್ನಿ. ಒಟ್ಟು 120 ಘನ ಮೀಟರ್. ಚಾವಣಿಯಿಂದ ಶೇ. 90, ಅಂದರೆ 108 ಹರಿದುಬರುತ್ತದೆ. ಅದೇ ಜಾಗ ಹುಲ್ಲುಗಾವಲಾಗಿದ್ದಾಗ ಶೇ. 20 ಎಂದುಕೊಂಡರೂ 24. ವ್ಯತ್ಯಾಸದ 84 ಘನ ಮೀಟರ್ ನಿಮ್ಮ ಹೊಣೆ. ಮಳೆತೋಟ, ಅಂದರೆ ನೀರು ತುಸುಹೊತ್ತು ನಿಂತು ಇಂಗುವ ತಗ್ಗಾದ ಗಿಡದ ಮಡಿ, ಇಲ್ಲಿ ನೆರವಿಗೆ ಬರುತ್ತದೆ. ಮೇಲೆ 20 ಸೆಂ.ಮೀ. ನೀರು ನಿಲ್ಲುತ್ತದೆ, ಅಡಿಯ 60 ಸೆಂ.ಮೀ. ಸಡಿಲ ಮಣ್ಣಿನ ರಂಧ್ರಗಳಲ್ಲಿ ಇನ್ನೊಂದು 13 ಸೆಂ.ಮೀ.ನಷ್ಟು. ಒಟ್ಟು 33 ಸೆಂ.ಮೀ. ಹಾಗಾಗಿ ಬೇಕಾದ್ದು ಸುಮಾರು 255 ಚದರ ಮೀಟರ್. ಮೇಲೆ ನಿಂತ ನೀರು 48 ಗಂಟೆಯೊಳಗೆ ಇಂಗಿರಬೇಕು, ಇಲ್ಲವಾದರೆ ಸೊಳ್ಳೆ. ಇಂಗುವ ವೇಗ ಗಂಟೆಗೆ 12 ಮಿ.ಮೀ.ಗಿಂತ ಕಡಿಮೆ ಇದ್ದರೆ ಅಡಿಯಲ್ಲಿ ತೂತಿನ ಪೈಪು ಹಾಕಿ. ಅಡಿಪಾಯದಿಂದ ಕನಿಷ್ಠ 3 ಮೀಟರ್ ದೂರ, ಮಳೆಗಾಲದ ಅಂತರ್ಜಲಕ್ಕಿಂತ ತಳ ಒಂದು ಮೀಟರ್ ಮೇಲೆ.

ಪ್ರಯೋಗಾಲಯಕ್ಕೇ ವಿಶೇಷವಾದ ಅಪಾಯ ಒಂದಿದೆ. ಲಾರಿ ಅಂಗಳದಲ್ಲಿ ದ್ರಾವಕದ ಡ್ರಮ್ ಒಡೆದರೆ ಅದು ಮಳೆನೀರಿನ ದಾರಿ ಹಿಡಿದು ನಿಮ್ಮ ಮುದ್ದಿನ ಮಳೆತೋಟಕ್ಕೂ ಅಂತರ್ಜಲಕ್ಕೂ ಸೇರುತ್ತದೆ. ಹಾಗಾಗಿ ಆ ಅಂಗಳದ ನೀರು ಇಂಗುಗುಂಡಿಗೆ ಹೋಗಲೇಬಾರದು. ಅದಕ್ಕೆ ಬೇರೆ ಕಾಲುವೆ, ಕೈಯಿಂದ ಮುಚ್ಚುವ ಕವಾಟ, ಕೆಂಪು ಬಣ್ಣ ಹಚ್ಚಿದ ಹಿಡಿ. ರಾಸಾಯನಿಕ ಗೋದಾಮಿನ ಹೊಸ್ತಿಲು ಎತ್ತರಿಸಿ, ಅತಿ ದೊಡ್ಡ ಪಾತ್ರೆಯ ಶೇ. 110ರಷ್ಟು ಒಳಗೇ ನಿಲ್ಲುವಂತಿರಲಿ.

ಹಂತ 8: ಗಾಜು, ದೀಪ, ಗಿಡ

ಇವು ಸುಲಭ, ಚುಟುಕಾಗಿ ಹೇಳಿಬಿಡಬಹುದು. ಮರಗಳಿಗೆ ಎದುರಾದ ಗಾಜಿಗೆ ಹಕ್ಕಿಗಳು ಬಡಿಯುತ್ತವೆ. ಗಿಡುಗದ ಒಂದು ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನವಿಲ್ಲ. ಗಾಜಿನ ಹೊರಮೈಯಲ್ಲಿ 5 ಸೆಂ.ಮೀ.ಗಿಂತ ಹೆಚ್ಚು ಅಂತರವಿಲ್ಲದ ಚುಕ್ಕಿ ಅಥವಾ ಗೆರೆ ಬೇಕು. ದೀಪಗಳು ಕೆಳಮುಖ, 3,000 ಕೆಲ್ವಿನ್‌ಗಿಂತ ಮೇಲಿರದ ಬೆಚ್ಚನೆ ಬಣ್ಣ, ನಡುರಾತ್ರಿಯ ನಂತರ ಆರುವ ಟೈಮರ್. ಚಿಲಿಯ ಪರಾನಾಲ್ ವೀಕ್ಷಣಾಲಯದ ವಸತಿಗೃಹ ಈ ವಿಷಯದಲ್ಲಿ ಗುರು: ಮರುಭೂಮಿಯ ತಗ್ಗಿನಲ್ಲಿ ಅರ್ಧ ಹೂತುಕೊಂಡಿದೆ, ಸಂಜೆಯಾದರೆ 35 ಮೀಟರ್ ಅಗಲದ ಗುಮ್ಮಟಕ್ಕೆ ಒಳಗಿನಿಂದ ಪರದೆ ಎಳೆಯುತ್ತಾರೆ, ದೂರದರ್ಶಕಗಳಿಗೆ ಒಂದು ಕಿರಣವೂ ತಲುಪಬಾರದು.

ಗಿಡದ ಬಗ್ಗೆ ಒಂದೇ ಮಾತು: ಅಲ್ಲಿಯದೇ ಗಿಡ, ಅಲ್ಲಿಯದೇ ಬೀಜ, ಮತ್ತು ತಾಳ್ಮೆ. ಷಿಕಾಗೋ ಹತ್ತಿರದ ಭೌತಶಾಸ್ತ್ರ ಪ್ರಯೋಗಾಲಯ ಫರ್ಮಿಲ್ಯಾಬ್‌ನಲ್ಲಿ ಕಣ ವೇಗವರ್ಧಕದ ಉಂಗುರದೊಳಗೆ ಆ ಪ್ರದೇಶದ ಮೂಲ ಹುಲ್ಲುಗಾವಲನ್ನು ಮರಳಿ ಬೆಳೆಸುವ ಕೆಲಸ 1975ರಲ್ಲಿ ಶುರುವಾಗಿ ದಶಕಗಟ್ಟಲೆ ನಡೆಯಿತು. ಎಲ್ಲೆಡೆ ಗಿಡ ನೆಡಲೇಬೇಕೆಂದೂ ಇಲ್ಲ. ಸಾಲ್ಕ್ ಅಂಗಳದಲ್ಲಿ ಮರಗಳಿಗೆ ಜಾಗ ಯೋಚಿಸಿದ್ದರು. ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿ ಬರಗಾನ್ ಆ ಅಂಗಳ ನೋಡಿ, ಒಂದು ಎಲೆಯೂ ಬೇಡ ಎಂದರು. ಬರೀ ಕಲ್ಲು, ನಡುವೆ ಸಣ್ಣ ನೀರಿನ ಗೆರೆ, ಆಚೆ ಸಮುದ್ರ.

ಹಂತ 9: ಕಟ್ಟುವ ಕಾಲ

ಇಷ್ಟು ದಿನದ ಶ್ರಮ ಮೂರು ದಿನದಲ್ಲಿ ಹಾಳಾಗುವುದು ಇಲ್ಲೇ. ಟೆಂಡರಿನಲ್ಲೇ ಇವು ಸೇರಿರಲಿ:

1. ಮೊದಲ ಜೆಸಿಬಿ ಬರುವ ಮುನ್ನ ಮರಗಳ ಸುತ್ತ 2 ಮೀಟರ್ ಎತ್ತರದ ಗಟ್ಟಿ ಬೇಲಿ. ಬಣ್ಣದ ಪ್ಲಾಸ್ಟಿಕ್ ಟೇಪು ಬೇಲಿಯಲ್ಲ, ಎರಡನೇ ದಿನ ಅದು ನೆಲದಲ್ಲಿರುತ್ತದೆ.
2. ಗುತ್ತಿಗೆದಾರರ ಶೆಡ್ಡು, ರಾಶಿ, ಪಾರ್ಕಿಂಗ್ ಎಲ್ಲವೂ ಮುಂದೆ ಪಾರ್ಕಿಂಗ್ ಅಥವಾ ಎರಡನೇ ಕಟ್ಟಡ ಬರುವ ಜಾಗದಲ್ಲೇ.
3. ಮೇಲ್ಮಣ್ಣು, ಅಂದರೆ ಮೇಲಿನ 15-30 ಸೆಂ.ಮೀ., ಬೇರೆ ತೆಗೆದಿಡಿ. ರಾಶಿ 2 ಮೀಟರ್ ಮೀರದಿರಲಿ, ಒಳಗಿನ ಜೀವ ಉಸಿರುಕಟ್ಟುತ್ತದೆ. ಒದ್ದೆ ಮಣ್ಣನ್ನು ಮುಟ್ಟಲೇಬೇಡಿ. ಉಂಡೆ ಕಟ್ಟಲು ಬಂದರೆ ಇನ್ನೂ ಒದ್ದೆ ಎಂದೇ ಲೆಕ್ಕ.
4. ಗೇಟಿನಲ್ಲಿ 15 ಮೀಟರ್ ಉದ್ದ ದಪ್ಪ ಜಲ್ಲಿಯ ಹಾಸು, ಲಾರಿ ಚಕ್ರದ ಕೆಸರು ಅಲ್ಲೇ ಉದುರಲಿ.
5. ಕಾಂಕ್ರೀಟ್ ಲಾರಿ ತೊಳೆಯಲು ಪ್ಲಾಸ್ಟಿಕ್ ಹಾಸಿದ ಗುಂಡಿ. ಸಿಮೆಂಟಿನ ನೀರು ತೀಕ್ಷ್ಣ ಕ್ಷಾರ, ಹಳ್ಳ ಸೇರಿದರೆ ಮೀನು ಸಾಯುತ್ತದೆ.
6. ಮಳೆತೋಟದ ಜಾಗಕ್ಕೆ ಯಾವ ಗಾಡಿಯೂ ಹೋಗಬಾರದು, ಮತ್ತು ಅದನ್ನು ಅಗೆಯುವುದು ಕಟ್ಟಕಡೆಗೆ. ಮೊದಲೇ ಅಗೆದರೆ ಕಟ್ಟಡದ ಕೆಸರೆಲ್ಲ ಅಲ್ಲಿ ತುಂಬಿ ರಂಧ್ರ ಮುಚ್ಚುತ್ತದೆ.

ತುಳಿದು ಗಟ್ಟಿಯಾದ ನೆಲವನ್ನು ಪೆನೆಟ್ರೋಮೀಟರ್ ಎಂಬ ಚೂಪು ಕಂಬಿಯಿಂದ ಪರೀಕ್ಷಿಸಬಹುದು. ಒತ್ತಡ 2 ಮೆಗಾಪ್ಯಾಸ್ಕಲ್ ದಾಟಿದರೆ ಬೇರು ಇಳಿಯುವುದಿಲ್ಲ. ಗಿಡ ನೆಡುವ ಮುನ್ನ ಅಂಥಲ್ಲಿ 40-50 ಸೆಂ.ಮೀ. ಆಳ ಸಡಿಲಿಸಿ. ಮರದ ಸುತ್ತಲೋ, ಬೇಲಿ ಚೆನ್ನಾಗಿದ್ದರೆ ಈ ಪರೀಕ್ಷೆಯೇ ಬೇಕಿಲ್ಲ.

ಹಂತ 10: ಮೊದಲ ಮಳೆಗಾಲ

ಉದ್ಘಾಟನೆ ಆಯಿತೆಂದು ಭೂದೃಶ್ಯದ ಗುತ್ತಿಗೆ ಮುಗಿಸಬೇಡಿ. ಮೂರು ವರ್ಷದ ನಿರ್ವಹಣೆ ಅದರಲ್ಲೇ ಇರಲಿ. ಹೊಸ ಗಿಡಕ್ಕೆ ಎರಡು ಮೂರು ಬೇಸಗೆ ನೀರು ಬೇಕು, ಕಳೆ ಕೀಳುವುದು ಮೊದಲ ವರ್ಷವೇ ಹೆಚ್ಚು.

ಮೊದಲ ಜೋರು ಮಳೆ ಬಿದ್ದ ದಿನ, ಕಟ್ಟುವ ಮೊದಲು ನಡೆದ ಅದೇ ದಾರಿಯಲ್ಲಿ ಹಳೆಯ ಗುರುತುಗಳ ನಕ್ಷೆ ಹಿಡಿದು ಮತ್ತೆ ನಡೆಯಿರಿ. ಮಳೆತೋಟ ತುಂಬಿ ಹೊರಚೆಲ್ಲುವ ಕಡೆ ಕಲ್ಲು ಕದಲಿದೆಯೇ? ತಡೆಗೋಡೆಯ ತೂತುಗಳಿಂದ ನೀರು ಬರುತ್ತಿದೆಯೇ? ಒಂದೂ ಹನಿ ಬರದಿದ್ದರೆ ಗೋಡೆ ಒಣಗಿದೆ ಎಂದಲ್ಲ, ತೂತು ಕಟ್ಟಿದೆ ಎಂದು ಅನುಮಾನಿಸಿ. ಕೊನೆಗೆ ಹಳ್ಳಕ್ಕೆ ಹೋಗಿ, ಕ್ಯಾಂಪಸ್ಸಿನ ಮೇಲಿನ ಅಂಚಿನಲ್ಲೊಂದು, ಕೆಳಗಿನ ಅಂಚಿನಲ್ಲೊಂದು ಗಾಜಿನ ಬಾಟಲಿ ತುಂಬಿಸಿ ಪಕ್ಕಪಕ್ಕ ಇಡಿ. ಎರಡನೆಯದು ಹೆಚ್ಚು ಕೆಂಪಾಗಿದ್ದರೆ ಮಣ್ಣು ನಿಮ್ಮ ಜಾಗದಿಂದಲೇ ಹೋಗುತ್ತಿದೆ. ಮಳೆ ನಿಲ್ಲುವ ಮೊದಲೇ ಆ ನೀರಿನ ಜಾಡು ಹಿಡಿದು ಮೇಲಕ್ಕೆ ನಡೆಯಿರಿ. ಬಿಸಿಲು ಬಂದ ಮೇಲೆ ಮೂಲ ಸಿಗುವುದಿಲ್ಲ.